ಮಗುವಿನ ಗಾಡಿಯ ಕೀಲು

ಹಿಮ ಬಿದ್ದ ಬೀದಿಯಲ್ಲಿ ಮಗುವಿನ ಗಾಡಿ ತಳ್ಳುವುದು ಎಷ್ಟು ಕಷ್ಟ ಎಂಬುದು ಬಾಣಂತನಕ್ಕೆಂದು ಟೊರೊಂಟೊಗೋ ಮಿನಿಯಾಪೊಲಿಸ್‌ಗೋ ಹೋಗಿ ಬಂದ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಸ್ಟ್ರಾಲರ್‌ನ ಮುಂಗಾಲಿಗಳು ಅಂಗೈಯಷ್ಟಗಲ. ಗಾಡಿಯ ತೂಕ, ಮಗುವಿನ ತೂಕ, ಚೀಲದ ತೂಕವೆಲ್ಲ ಅಷ್ಟು ಚಿಕ್ಕ ಜಾಗದ ಮೇಲೆ ಒತ್ತಿದಾಗ ಗಾಲಿ ಹಿಮದೊಳಗೆ ಹೂತುಕೊಳ್ಳುತ್ತದೆ. ಅದರ ಮುಂದೆ ಹಿಮದ ಗುಡ್ಡೆ ಕಟ್ಟುತ್ತದೆ. ಸುತ್ತ ತಿರುಗುವ ಗಾಲಿಯಾದರೆ ಅಡ್ಡಡ್ಡ ತಿರುಗಿ ನಿಂತೇ ಬಿಡುತ್ತದೆ. ಕೊನೆಗೆ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ, ಹಿಂದಿನ ದೊಡ್ಡ ಗಾಲಿಗಳ ಮೇಲೆ ಎಳೆದುಕೊಂಡು ಮನೆ ಸೇರಬೇಕು.

ಇದಕ್ಕೆ ಉಪಾಯ ಹುಡುಕುವ ಕೆಲಸ ಬಹಳ ಹಿಂದೆಯೇ ಶುರುವಾಯಿತು. ಅಮೆರಿಕದ ಹಳೆಯ ಪೇಟೆಂಟ್ ದಾಖಲೆಗಳನ್ನು ತಿರುವಿದರೆ, ಮಗುವಿನ ಗಾಡಿಯನ್ನು ಚಳಿಗಾಲದ ಮಟ್ಟಿಗೆ ಜಾರುಬಂಡಿಯಾಗಿಸುವ ಜೋಡಣೆಗಳ ಚಿತ್ರಗಳು ಮತ್ತೆ ಮತ್ತೆ ಸಿಗುತ್ತವೆ. ಅವುಗಳಲ್ಲಿ ಎರಡು ಬಗೆ. ಗಾಲಿಗಳನ್ನೇ ಕಳಚಿ ಅಚ್ಚಿಗೆ ಜಾರುಪಟ್ಟಿ ಸಿಕ್ಕಿಸುವುದು ಒಂದು. ಗಾಲಿಗಳನ್ನು ಹಾಗೆಯೇ ಬಿಟ್ಟು ಪ್ರತಿಯೊಂದರ ಅಡಿಗೂ ಒಂದೊಂದು ಪುಟ್ಟ ಜಾರುಪಟ್ಟಿ ಕಟ್ಟುವುದು ಇನ್ನೊಂದು. ಮೊದಲನೆಯದು ನೋಡಲು ಚೆಂದ, ಹೆಚ್ಚು ಗಟ್ಟಿ. ಬಳಸುವವರಿಗೆ ಒಗ್ಗುವುದು ಮಾತ್ರ ಎರಡನೆಯದು. ಏಕೆಂದರೆ ದಾರಿ ಪೂರ್ತಿ ಹಿಮವೇ ಇರುವುದಿಲ್ಲ. ಅಂಗಡಿಯ ಬಾಗಿಲು ದಾಟಿದ ಕೂಡಲೇ ನೆಲ, ಬಸ್ಸು ಹತ್ತಿದ ಕೂಡಲೇ ರಬ್ಬರು ಹಾಸು, ಉಪ್ಪು ಚೆಲ್ಲಿ ಹಿಮ ಕರಗಿಸಿದ ಕಡೆ ಬರೀ ಡಾಂಬರು. ಒಂದೇ ಫರ್ಲಾಂಗಿನಲ್ಲಿ ಮೂರು ಸಲ ಗಾಡಿಯ ವೇಷ ಬದಲಾಗಬೇಕು. ಅದೂ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು, ಕೈಗವಸು ಹಾಕಿಕೊಂಡು, ಒಂದೇ ಕೈಯಲ್ಲಿ.

ಈಚಿನ ದಿನಗಳಲ್ಲಿ ಇದನ್ನು ಚೆನ್ನಾಗಿ ಬಿಡಿಸಿದವರು ಪಾಟ್ರಿಕ್ ಮಾಯರ್. ಸ್ನೋಬೋರ್ಡ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದ ಅವರು ತಮ್ಮ ಕುರ್ಚಿಯ ಮುಂಗಾಲಿಗಳಿಗೆ ಸಿಕ್ಕಿಸುವ ಪುಟ್ಟ ಸ್ಕೀಗಳನ್ನು ರೂಪಿಸಿ ಸ್ವಿಟ್ಜರ್ಲೆಂಡಿನಿಂದ ವೀಲ್‌ಬ್ಲೇಡ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಭಾರ ಅಗಲವಾದ ಜಾಗಕ್ಕೆ ಹಂಚಿಹೋಗುವುದರಿಂದ ಗಾಲಿ ಹೂಳುವುದಿಲ್ಲ. ಸ್ಕೀಯ ಅಡಿಯಲ್ಲಿ ಕೊರೆದ ಕಾಲುವೆಗಳು ಹಿಮವನ್ನು ಅದುಮಿ ಹಳಿಯಂತೆ ಹಿಡಿದಿಡುವುದರಿಂದ ಪಕ್ಕಕ್ಕೆ ಜಾರುವುದಿಲ್ಲ. ಗಾಲಿಕುರ್ಚಿಗೆಂದು ಹುಟ್ಟಿದ್ದು ಮಗುವಿನ ಗಾಡಿಗೂ ಬಂತು. ಗಾಲಿಕುರ್ಚಿ ಮತ್ತು ಮಗುವಿನ ಗಾಡಿಯ ಈ ನಂಟಿಗೆ ಮುಂದೆ ಮತ್ತೆ ಬರುತ್ತೇನೆ.

ನಾಲ್ಕೂ ಗಾಲಿಗಳನ್ನು ಸ್ಕೀಗೇರಿಸಿದಾಗ ಒಂದು ಸಂಗತಿ ಮರೆತುಹೋಗುತ್ತದೆ. ಬ್ರೇಕು ಇರುವುದು ಗಾಲಿಯಲ್ಲಿ. ಗಾಲಿ ತಿರುಗುವುದೇ ಇಲ್ಲವೆಂದಾದರೆ ಬ್ರೇಕಿಗೆ ಕೆಲಸವಿಲ್ಲ. ಗಾಡಿಯನ್ನು ನಿಲ್ಲಿಸುವುದು ತಳ್ಳುವವರ ತೋಳು ಮಾತ್ರ. ಇಳಿಜಾರಿನಲ್ಲಿ ಕೈ ಬಿಟ್ಟರೆ ತಡೆಯುವುದು ಏನೂ ಇಲ್ಲ. ಹೊಸದೊಂದು ಅನುಕೂಲ ಸೇರಿಸುವಾಗ ಹಳೆಯ ರಕ್ಷಣೆಯೊಂದು ಸದ್ದಿಲ್ಲದೆ ಕಳಚಿಹೋಗುವುದು ಈ ಜೋಡಣೆಗಳ ಲೋಕದಲ್ಲಿ ಪದೇ ಪದೇ ನಡೆಯುವ ಕತೆ.

ಇಷ್ಟೆಲ್ಲ ಪಾಡುಪಟ್ಟು ಮಗುವನ್ನು ಚಳಿಗೆ ಒಯ್ಯುವುದೇಕೆ ಎಂದು ನಮಗನ್ನಿಸುವುದು ಸಹಜ. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಮಗುವಿನ ಹಗಲು ನಿದ್ದೆ ಮನೆಯ ಹೊರಗೇ. ಬೆಚ್ಚನೆಯ ಬಟ್ಟೆ ಸುತ್ತಿ, ದೊಡ್ಡ ಪ್ರಾಮ್‌ನಲ್ಲಿ ಮಲಗಿಸಿ, ಬಾಲ್ಕನಿಯಲ್ಲೋ ಅಂಗಳದಲ್ಲೋ ಬಿಡುತ್ತಾರೆ. ಫಿನ್ಲೆಂಡಿನ ಔಲು ನಗರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿಗಳು ಹೇಳಿದಂತೆ, ಮಗುವಿಗೆ ಎರಡು ವಾರ ತುಂಬುವ ಹೊತ್ತಿಗೆ ಈ ಹೊರನಿದ್ದೆ ಶುರುವಾಗುತ್ತದೆ; ಅದಕ್ಕೆ ಹೇಳಿ ಮಾಡಿಸಿದ ಹವೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಹೆಲ್ಸಿಂಕಿಯಲ್ಲಿ ಪ್ರಾಮ್‌ನೊಂದಿಗೆ ಬಸ್ಸು, ಟ್ರಾಮ್ ಹತ್ತುವವರಿಗೆ ಟಿಕೆಟ್ಟೇ ಇಲ್ಲ. ಅಲ್ಲಿ ಗಾಡಿ ಎಂದರೆ ತೊಟ್ಟಿಲೂ ಹೌದು, ವಾಹನವೂ ಹೌದು. ಹಾಗಾಗಿ ಅದು ಎಲ್ಲ ಋತುವಿಗೂ ಒದಗಲೇಬೇಕು.

ಮೊದಲ ಗಾಡಿಗಳಿಗೆ ಇಂಥ ಹೊಣೆ ಇರಲಿಲ್ಲ. 1733ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಡೆವನ್‌ಷೈರಿನ ಮೂರನೆಯ ಡ್ಯೂಕ್‌ನ ಮಕ್ಕಳಿಗಾಗಿ ಮಾಡಿಕೊಟ್ಟ ಗಾಡಿಯನ್ನು ಈ ವಂಶದ ಹಿರಿಯ ಎನ್ನುತ್ತಾರೆ. ಚಿಪ್ಪಿನಾಕಾರದ ಬುಟ್ಟಿ, ಮನೆತನದ ಲಾಂಛನವಾದ ಹಾವಿನ ಅಲಂಕಾರ. ಎಳೆಯಲು ಆಡೋ ಪುಟ್ಟ ಕುದುರೆಯೋ. ದೊಡ್ಡವರು ತಳ್ಳಲು ಹಿಡಿಯೇ ಇಲ್ಲದ, ಉದ್ಯಾನದಲ್ಲಿ ಸುತ್ತು ಹೊಡೆಯುವ ಆಟದ ರಥ ಅದು. ಹಿಂದಿನಿಂದ ತಳ್ಳುವ ಹಿಡಿ ಬರಲು ಸುಮಾರು ನೂರು ವರ್ಷ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಅದು ಬಂದಾಗಲೂ ಗಾಡಿ ಸಿರಿವಂತರ ಮನೆಯ ದಾದಿಯ ಕೈಯಲ್ಲೇ ಇತ್ತು.

ಗಾಡಿಯ ಕತೆಯನ್ನು ಬುಟ್ಟಿಯ ಚೆಂದದಿಂದ, ಚಕ್ರದ ಹೊಳಪಿನಿಂದ ಹೇಳುವುದು ರೂಢಿ. ನನಗೆ ಕಾಣುವಂತೆ ಅದರ ನಿಜವಾದ ಕತೆ ಕೀಲಿನಲ್ಲಿದೆ. ಒಂದು ಭಾಗ ಇನ್ನೊಂದಕ್ಕೆ ಸೇರುವ ಜಾಗದಲ್ಲೇ ಜಾಣತನವೂ ಅಪಾಯವೂ ಒಟ್ಟಿಗೆ ಕೂತಿರುತ್ತವೆ. 1889ರ ಜೂನ್ 18ರಂದು ಬಾಲ್ಟಿಮೋರ್‌ನ ಆಫ್ರಿಕನ್ ಅಮೆರಿಕನ್ ವಿಲಿಯಂ ರಿಚರ್ಡ್‌ಸನ್‌ಗೆ ದೊರೆತ 405,600 ಸಂಖ್ಯೆಯ ಪೇಟೆಂಟನ್ನು ನೋಡಿ. ಆ ಕಾಲದ ಸಾಮಾನ್ಯ ಗಾಡಿಗಳಲ್ಲಿ ಬುಟ್ಟಿಯ ಮುಖ ಒಂದೇ ದಿಕ್ಕಿಗೆ. ರಿಚರ್ಡ್‌ಸನ್ ಬುಟ್ಟಿಯ ಕೆಳಗೊಂದು ವಿಶೇಷ ಕೀಲು ಇಟ್ಟರು. ಬೇಕಾದಾಗ ಮಗು ಬೀದಿ ನೋಡಬಹುದು, ಬೇಕಾದಾಗ ಬುಟ್ಟಿ ತಿರುಗಿಸಿ ಅಮ್ಮನ ಮುಖ ನೋಡಬಹುದು. ಗುಲಾಮಗಿರಿ ಕೊನೆಗೊಂಡು ಕಾಲು ಶತಮಾನವೂ ಆಗದ ದೇಶದಲ್ಲಿ ಹಲವು ಕಡೆ ಕಪ್ಪು ದಾದಿಯರೇ ಬಿಳಿಯರ ಮಕ್ಕಳ ಗಾಡಿ ತಳ್ಳುತ್ತಿದ್ದರು. ಅಲ್ಲಿ ಒಬ್ಬ ಕಪ್ಪು ವ್ಯಕ್ತಿ ಮಗು ಮತ್ತು ತಳ್ಳುವವರು ಮುಖಾಮುಖಿ ನೋಡಿಕೊಳ್ಳುವ ದಾರಿ ಮಾಡಿದ್ದು ಸಣ್ಣ ಮಾತಲ್ಲ. ಇಂದಿಗೂ ದುಬಾರಿ ಗಾಡಿಗಳ ಜಾಹೀರಾತಿನಲ್ಲಿ ಎದ್ದು ಕಾಣುವ ಸೌಲಭ್ಯ ಇದೇ.

ಎರಡನೆಯ ದೊಡ್ಡ ಕೀಲು ವಿಮಾನದಿಂದ ಬಂತು. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ಓವನ್ ಮ್ಯಾಕ್ಲಾರೆನ್, ನಿವೃತ್ತಿಯ ದಿನಗಳಲ್ಲಿ ಮಗಳು ಮೊಮ್ಮಗುವಿನ ಭಾರದ ಗಾಡಿಯೊಂದಿಗೆ ವಿಮಾನ ಪ್ರಯಾಣದಲ್ಲಿ ಒದ್ದಾಡಿದ್ದನ್ನು ಕಂಡರು. ರೆಕ್ಕೆಯೊಳಗೆ ಕಾಲು ಮಡಚಿಕೊಳ್ಳುವ ವಿಮಾನವನ್ನು ಬಲ್ಲವರಿಗೆ ಮಡಚುವ ಗಾಡಿ ಹೊಳೆದದ್ದು ಆಶ್ಚರ್ಯವೇನಲ್ಲ. ಇಂಗ್ಲೆಂಡಿನ ಬಾರ್ಬಿ ಎಂಬ ಹಳ್ಳಿಯ ತಮ್ಮ ಮನೆಯ ಕುದುರೆಲಾಯದಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಜೋಡಿಸಿ, ಕೊಡೆಯಂತೆ ಮಡಚಿಕೊಳ್ಳುವ, ಮೂರು ಕಿಲೋಗೂ ಕಡಿಮೆ ತೂಗುವ ಗಾಡಿಯನ್ನು ಕಟ್ಟಿದರು. 1965ರಲ್ಲಿ ಪೇಟೆಂಟ್ ಅರ್ಜಿ, 1967ರಲ್ಲಿ ಮಾರುಕಟ್ಟೆ. ಬೆಂಗಳೂರಿನ ಮಾಲ್‌ನಲ್ಲಿ ಇವತ್ತು ಕಾಣುವ ಹಗುರ ಸ್ಟ್ರಾಲರ್‌ಗಳೆಲ್ಲ ಆ ಲಾಯದ ಸಂತತಿ.

ಆದರೆ ಮಡಚುವ ಕಡೆ ಬೆರಳು ಸಿಕ್ಕಿಕೊಳ್ಳುವ ಜಾಗವೂ ಇರುತ್ತದೆ. 2009ರ ನವೆಂಬರಿನಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ವಿಷಯದಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು. ಗಾಡಿ ಬಿಚ್ಚುವಾಗ, ಮಡಚುವಾಗ ಕೀಲಿನ ಸಂದಿಗೆ ಕೈ ಸಿಕ್ಕಿ ಹನ್ನೆರಡು ಮಕ್ಕಳ ಬೆರಳ ತುದಿ ತುಂಡಾಗಿತ್ತು. ಪರಿಹಾರವಾಗಿ ಕಂಪನಿ ಉಚಿತವಾಗಿ ಕಳಿಸಿದ್ದು ಆ ಕೀಲನ್ನು ಮುಚ್ಚುವ ಗವಸನ್ನು. ಅದೂ ಒಂದು ಅಟ್ಯಾಚ್‌ಮೆಂಟೇ. ಇಂಥ ಹಳೆಯ ಗಾಡಿಗಳು ಬಳುವಳಿಯಾಗಿ, ಸೆಕೆಂಡ್ ಹ್ಯಾಂಡ್ ಆಗಿ, ಊರಿಗೆ ಮರಳುವವರ ಸೂಟ್‌ಕೇಸಿನ ಜೊತೆಗೆ ನಮ್ಮಲ್ಲಿಗೂ ಬರುತ್ತವೆ. ಅದರ ಗವಸು ಬಂದಿದೆಯೋ ಇಲ್ಲವೋ ಕೇಳುವವರು ಯಾರು? ಗಾಡಿ ಕೈ ಬದಲಾದಾಗ ಕೈಪಿಡಿ, ಗವಸು, ಪಟ್ಟಿಗಳೇ ಮೊದಲು ಕಳೆದುಹೋಗುವುದು.

ಒಂದೇ ಗಾಡಿ ಎಲ್ಲವೂ ಆಗಬೇಕೆಂಬ ಆಸೆ ಅತ್ಯಂತ ದೂರ ಹೋದದ್ದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿನ ಚಾರಿಯಟ್ ಎಂಬ ಕಂಪನಿ ಒಂದೇ ಗೂಡಿಗೆ ನಾಲ್ಕು ಬಗೆಯ ಜೋಡಣೆ ಕೊಟ್ಟಿತು. ಪುಟ್ಟ ಮುಂಗಾಲಿ ಸಿಕ್ಕಿಸಿದರೆ ಪೇಟೆಗೆ, ಒಂದೇ ದೊಡ್ಡ ಗಾಲಿ ಸಿಕ್ಕಿಸಿದರೆ ಓಟಕ್ಕೆ, ತೋಳು ಸಿಕ್ಕಿಸಿದರೆ ಸೈಕಲ್ಲಿನ ಹಿಂದೆ, ಗಾಲಿ ತೆಗೆದು ಸ್ಕೀ ಸಿಕ್ಕಿಸಿ ಸೊಂಟದ ಪಟ್ಟಿಗೆ ಕಟ್ಟಿಕೊಂಡರೆ ಅಪ್ಪ ಸ್ಕೀ ಮಾಡುತ್ತ ಮುಂದೆ, ಮಗು ಹಿಂದೆ. 2011ರಲ್ಲಿ ಸ್ವೀಡನ್ನಿನ ಥೂಲೆ ಆ ಕಂಪನಿಯನ್ನು ಕೊಂಡಿತು. ಗಾಡಿ ಈಗಲೂ ಅದೇ ಹೆಸರಿನಲ್ಲಿದೆ. ಗೂಡು ಬದಲಾಗದೆ ಕಾಲು ಮಾತ್ರ ಬದಲಾಗುವ ಈ ವಿನ್ಯಾಸ ನನಗೆ ತುಂಬ ಇಷ್ಟ. ಮಗುವಿಗೆ ತನ್ನ ಜಾಗ, ತನ್ನ ಪಟ್ಟಿ, ತನ್ನ ವಾಸನೆ ಬದಲಾಗುವುದಿಲ್ಲ.

ಗಾಡಿ ಬದಲಾದಷ್ಟು ಬೇಗ ಮಗು ಬದಲಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕತ್ತು ನಿಲ್ಲದ ಕೂಸನ್ನು ಓಟದ ಗಾಡಿಯಲ್ಲಿ ಕೂರಿಸುವಂತಿಲ್ಲ. ವರ್ಷ ತುಂಬದ ಮಗುವನ್ನು ಸೈಕಲ್ ಸವಾರಿಗೆ ಒಯ್ಯಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಬೇಗ ಕಳಚುವ ಗಾಲಿಯ ಅಪಾಯ ಬೇರೆಯೇ ಇದೆ. ಓಟದ ಗಾಡಿಯ ಮುಂಗಾಲಿಗೆ ಸೈಕಲ್ಲಿನಂತೆ ಸನ್ನೆ ಎಳೆದರೆ ಬಿಚ್ಚಿಕೊಳ್ಳುವ ಕೀಲು ಇರುತ್ತದೆ. ಅದು ಸರಿಯಾಗಿ ಬಿಗಿಯಾಗದಿದ್ದರೂ ಗಾಡಿ ಓಡುತ್ತದೆ, ಗುಂಡಿ ಸಿಗುವವರೆಗೆ. ಬಾಬ್ ಹೆಸರಿನ ಗಾಡಿಗಳ ಮುಂಗಾಲಿ ಓಡುವಾಗಲೇ ಕಳಚಿಬಿದ್ದ ಬಗ್ಗೆ 2012ರಿಂದ ಸುಮಾರು 200 ದೂರುಗಳು ಬಂದು, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2018ರಲ್ಲಿ ತಯಾರಕರ ಮೇಲೆ ಮೊಕದ್ದಮೆ ಹೂಡಿತು. ಕೀಲು ಬಿಗಿಯಾಗದಿದ್ದರೆ ಅದು ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು, ಇಲ್ಲವೇ ಗಾಡಿ ಮುಂದಕ್ಕೆ ಹೋಗಲೇಬಾರದು. ಈ ಮೂರರಲ್ಲಿ ಒಂದೂ ಇಲ್ಲದ ಅಟ್ಯಾಚ್‌ಮೆಂಟ್ ಎಷ್ಟೇ ಅಗ್ಗವಾಗಿರಲಿ, ಮನೆಗೆ ತರಬೇಡಿ.

ಈಗ ಬಹಳ ಮಾರಾಟವಾಗುವ ಜೋಡಣೆ ಕಾರಿನ ಸೀಟಿನದು. ಎಳೆಗೂಸಿನ ಕಾರ್ ಸೀಟನ್ನು ಕಾರಿನಿಂದ ಎತ್ತಿ, ಗಾಡಿಯ ಚೌಕಟ್ಟಿನ ಅಡಾಪ್ಟರ್‌ಗೆ ಇಟ್ಟರೆ ಕ್ಲಿಕ್ ಎಂದು ಕೂರುತ್ತದೆ. ನಿದ್ದೆ ಹೋದ ಮಗುವನ್ನು ಎಬ್ಬಿಸಬೇಕಿಲ್ಲ. ಬೆಂಗಳೂರು, ಮೈಸೂರುಗಳ ಅಂಗಡಿಗಳಲ್ಲಿ ಟ್ರಾವೆಲ್ ಸಿಸ್ಟಮ್ ಎಂದು ಕೇಳಿದರೆ ಇದನ್ನೇ ತೋರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ವಿಮಾನ ಇಳಿದ ತಾಯಿಗೆ ಇದು ವರವೇ ಸರಿ.

ಆದರೆ ಕಾರ್ ಸೀಟು ಅಪಘಾತದಿಂದ ಕಾಪಾಡಲು ಮಾಡಿದ್ದು, ಮಲಗಿಸಲು ಮಾಡಿದ್ದಲ್ಲ. ಕಾರಿನಲ್ಲಿ ಅದನ್ನು ಲೆಕ್ಕಹಾಕಿದ ಓರೆಯಲ್ಲಿ ಬಿಗಿದಿರುತ್ತಾರೆ. ಹೊರಗೆ ಆ ಓರೆ ತಪ್ಪಿದರೆ ಎಳೆಗೂಸಿನ ಭಾರದ ತಲೆ ಎದೆಗೆ ವಾಲುತ್ತದೆ, ಎಳೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ಕೂಸು ಅಳುವುದಿಲ್ಲ, ಕೊಸರಾಡುವುದಿಲ್ಲ. 2019ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದಲ್ಲಿ ಹತ್ತು ವರ್ಷಗಳಲ್ಲಿ ನಿದ್ದೆಯಲ್ಲಿ ಸಂಭವಿಸಿದ 11,779 ಶಿಶುಮರಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ 348 ಸಾವುಗಳು ಕೂರಿಸುವ ಸಾಧನಗಳಲ್ಲಿ ಆಗಿದ್ದವು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾರ್ ಸೀಟಿನಲ್ಲಿ. ಹಾಗೆ ಸತ್ತವರಲ್ಲಿ ನೂರಕ್ಕೆ ಹತ್ತಕ್ಕೂ ಕಡಿಮೆ ಮಕ್ಕಳಿಗಷ್ಟೇ ಆ ಹೊತ್ತಿನಲ್ಲಿ ಸೀಟನ್ನು ಹೇಳಿದ ರೀತಿಯಲ್ಲಿ ಬಳಸಲಾಗಿತ್ತು. ಕಾರಿನೊಳಗೆ ಸೀಟು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾರಿಳಿದು ಗಾಡಿಗೇರಿಸಿ ಪೇಟೆಯೆಲ್ಲ ಸುತ್ತಿ, ಮನೆಗೆ ಬಂದು ಅದರಲ್ಲೇ ಮಲಗಲು ಬಿಡುವುದೇ ತಪ್ಪು. ಕೂಸಿಗೆ ಗಾಡಿಯಲ್ಲಿ ನಿದ್ದೆ ಬೇಕೆಂದರೆ ಚಪ್ಪಟೆಯಾಗಿ ಮಲಗಿಸುವ ತೊಟ್ಟಿಲ ಜೋಡಣೆಯನ್ನೇ ಕೊಳ್ಳಿ. ಕ್ಲಿಕ್ ಎಂಬ ಆ ಸದ್ದು ಸೀಟು ಗಾಡಿಗೆ ಬಿಗಿಯಾಗಿದೆ ಎಂದು ಹೇಳುತ್ತದೆ, ಅಷ್ಟೇ. ಮಗುವಿನ ಕತ್ತು ನೇರವಾಗಿದೆಯೇ ಎಂದು ಹೇಳುವುದು ನಮ್ಮ ಕಣ್ಣು.

ನಮ್ಮಲ್ಲಿ ಮಗುವಿನ ನಿಜವಾದ ವಾಹನ ಸ್ಟ್ರಾಲರ್ ಅಲ್ಲ, ಸ್ಕೂಟರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬೆತ್ತದ ಪುಟ್ಟ ಕುರ್ಚಿ ಇಟ್ಟು ಮಗುವನ್ನು ನಿಲ್ಲಿಸಿಕೊಂಡೋ ಕೂರಿಸಿಕೊಂಡೋ ಹೋಗುವುದು ಹುಬ್ಬಳ್ಳಿಯಲ್ಲೂ ಮಂಡ್ಯದಲ್ಲೂ ಕಾಣುವ ನೋಟ. ಅದೂ ಒಂದು ಅಟ್ಯಾಚ್‌ಮೆಂಟ್, ನಮ್ಮದೇ ಜನರ ಉಪಾಯ. ಅದಕ್ಕೆ ಕೀಲೇ ಇಲ್ಲ ಎಂಬುದು ನನ್ನ ಆತಂಕ. ಕುರ್ಚಿ ಬರೀ ತೂಕದಿಂದ ನಿಂತಿದೆ. ಬ್ರೇಕು ಹಾಕಿದಾಗ ಮುಂದೆ ಹ್ಯಾಂಡಲಿನ ಕಬ್ಬಿಣ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರದಲ್ಲಿ ಒಯ್ಯುವಾಗ ಸವಾರರ ಮೈಗೆ ಬಿಗಿಯುವ ಪಟ್ಟಿ ಬೇಕು, ಮಗುವಿಗೆ ಅದರ ಅಳತೆಯ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಆ ಪಟ್ಟಿಯೇ ಇಲ್ಲಿ ಕಾಣೆಯಾಗಿರುವ ಕೀಲು.

ಬಿಸಿಲಿನ ಊರಿಗೆ ಹಿಮದ ಸ್ಕೀ ಬೇಡ, ನೆರಳು ಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಗಾಡಿಯ ಮೇಲೆ ಸೀರೆಯದೋ ಟವೆಲಿನದೋ ಬಟ್ಟೆ ಹೊದಿಸುವುದು ಎಲ್ಲ ತಾಯಂದಿರಿಗೂ ತೋಚುವ ಉಪಾಯ. ಆದರೆ ಒಣ ಬಟ್ಟೆ ಗಾಳಿಯನ್ನು ಕಟ್ಟಿಹಾಕುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಬೇಸಗೆಯ ಬಿಸಿಲಿನಲ್ಲಿ ಸ್ಟ್ರಾಲರ್ ಇಟ್ಟು ಅಳೆದು ನೋಡಿದರು. ಒಣ ಬಟ್ಟೆ ಹೊದಿಸಿದಾಗ ಒಳಗಿನ ತಾಪ ಸುಮಾರು 3 ಡಿಗ್ರಿ ಏರಿತು. ಅದೇ ತೆಳು ಮಸ್ಲಿನ್ ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಿದಾಗ ಸುಮಾರು 5 ಡಿಗ್ರಿ ತಗ್ಗಿತು. ಕಿಟಕಿಗೆ ಲಾವಂಚದ ಚಾಪೆ ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದ ಉತ್ತರ ಕರ್ನಾಟಕದ ಮನೆಗಳು ಮಾಡುತ್ತಿದ್ದುದೂ ಇದನ್ನೇ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಟ್ಟೆಗೆ ನೀರು ಹಾಕಬೇಕು, ಗಾಳಿಯಾಡಲು ಎಡೆ ಬಿಡಬೇಕು, ಆಗಾಗ ಮಗುವನ್ನು ಮುಟ್ಟಿ ನೋಡಬೇಕು. ಗಾಳಿಯೇ ತೇವದಿಂದ ತುಂಬಿರುವ ಮಂಗಳೂರು, ಕಾರವಾರದಲ್ಲಿ ಒದ್ದೆ ಬಟ್ಟೆ ಅಷ್ಟು ತಂಪು ಕೊಡಲಾರದು. ಅಲ್ಲಿ ಮರದ ನೆರಳೇ ವಾಸಿ.

ಇನ್ನು ಗಾಡಿಯ ಹಿಡಿಗೆ ಕೊಕ್ಕೆ ಹಾಕಿ ತರಕಾರಿ ಚೀಲ ತೂಗುಬಿಡುವುದು. ಚೀಲದ ಭಾರ ಹಿಂದಿನ ಅಚ್ಚಿಗಿಂತ ಹಿಂದೆ ಬೀಳುತ್ತದೆ. ಮಗು ಕೂತಿರುವವರೆಗೆ ಅದರ ತೂಕ ಮುಂದೆ ಹಿಡಿದಿರುತ್ತದೆ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಮಲಗುತ್ತದೆ. ಚೀಲವನ್ನು ಸೀಟಿನ ಕೆಳಗಿನ ಬುಟ್ಟಿಯಲ್ಲಿಡಿ.

ಗಾಲಿಕುರ್ಚಿಯ ನಂಟಿಗೆ ಬರುತ್ತೇನೆ ಎಂದಿದ್ದೆ. ಮಗುವಿನ ಗಾಡಿಗೆ ಬೇಕಾದ ಎಲ್ಲ ಜೋಡಣೆಗಳಲ್ಲಿ ಅತಿ ಹೆಚ್ಚು ಬೇಕಾದದ್ದು, ಅತಿ ಕಡಿಮೆ ಸಿಗುವುದು ಗಾಡಿಯನ್ನು ಗಾಲಿಕುರ್ಚಿಗೆ ಸೇರಿಸುವ ಜೋಡಣೆ. ಗಾಲಿಕುರ್ಚಿಯಲ್ಲಿ ಕೂತ ತಾಯಿಯೋ ತಂದೆಯೋ ತಮ್ಮ ಮಗುವಿನ ಗಾಡಿ ತಳ್ಳುವುದು ಹೇಗೆ? ಅವರ ಎರಡೂ ಕೈಗಳು ತಮ್ಮ ಗಾಲಿಯ ಮೇಲಿವೆ. ಸಾಮಾನ್ಯ ಗಾಡಿಯ ಹಿಡಿ ನಿಂತವರ ಸೊಂಟದ ಎತ್ತರಕ್ಕೆ. ಕೂತವರಿಗೆ ಅದು ಎದೆ ಮಟ್ಟ ದಾಟುತ್ತದೆ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಕೊನೆಗೆ ಅವರ ಮಗುವಿನ ಗಾಡಿಯನ್ನು ಬೇರೆಯವರು ತಳ್ಳುತ್ತಾರೆ, ಅವರು ಪಕ್ಕದಲ್ಲಿ ಬರುತ್ತಾರೆ.

2015ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೈಸ್ಕೂಲು ಹುಡುಗನೊಬ್ಬ ಗರ್ಭಿಣಿಯಾಗಿದ್ದ ಗಾಲಿಕುರ್ಚಿ ಬಳಕೆದಾರರೊಬ್ಬರಿಗಾಗಿ ಹಗುರ ಕೊಳವೆಗಳಿಂದ ಇಂಥ ಜೋಡಣೆ ಕಟ್ಟಿಕೊಟ್ಟ. 2021ರಲ್ಲಿ ಮೇರಿಲ್ಯಾಂಡಿನ ಬುಲಿಸ್ ಶಾಲೆಯ ತರಗತಿಯೊಂದು ತಮ್ಮ ಶಿಕ್ಷಕಿಯ ಗಂಡನಿಗಾಗಿ ಎರಡು ವಿನ್ಯಾಸ ಮಾಡಿತು. ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ನಡಿಗೆ ಕುಂದಿದ್ದ ಆತನಿಗೆ ಮೊದಲ ಮಗು ಹುಟ್ಟಲಿತ್ತು. ಒಂದು ವಿನ್ಯಾಸ ಕಾರ್ ಸೀಟನ್ನು ನೇರವಾಗಿ ಗಾಲಿಕುರ್ಚಿಗೆ ಸಿಕ್ಕಿಸುವಂಥದ್ದು, ಇನ್ನೊಂದು ಇಡೀ ಗಾಡಿಯನ್ನೇ ಕುರ್ಚಿಯ ಮುಂದೆ ಜೋಡಿಸುವಂಥದ್ದು. ಕಾರ್ ಸೀಟು ಬಿಗಿಯುವ ಕ್ರಮವನ್ನು ತಿಳಿಯಲು ವಿದ್ಯಾರ್ಥಿಗಳು ಅಗ್ನಿಶಾಮಕ ದಳದವರನ್ನೂ ಕೇಳಿದರು, ಕೆಲವು ಭಾಗಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಿಕೊಂಡರು, ಕೊನೆಗೆ ವಿನ್ಯಾಸವನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು ಉಚಿತವಾಗಿ ಹಂಚಿದರು. ಹೈಸ್ಕೂಲು ಮಕ್ಕಳಿಗೆ ಕಂಡ ಅಗತ್ಯ ನೂರು ವರ್ಷದ ಗಾಡಿ ಉದ್ಯಮದ ಕಣ್ಣಿಗೆ ಬೀಳಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಗಾಲಿಕುರ್ಚಿಯಲ್ಲಿರುವವರು ತಂದೆತಾಯಿಯೂ ಆಗಬಲ್ಲರು ಎಂಬುದನ್ನು ಮಾರುಕಟ್ಟೆ ಎಣಿಸಿರಲಿಲ್ಲ.

ಇದು ನಮ್ಮಲ್ಲಿ ಆಗದ ಮಾತಲ್ಲ. ಐಐಟಿ ಮದ್ರಾಸಿನಲ್ಲಿ ಪ್ರೊಫೆಸರ್ ಸುಜಾತಾ ಶ್ರೀನಿವಾಸನ್ ಅವರ ತಂಡದಿಂದ ಹುಟ್ಟಿದ ನಿಯೋಬೋಲ್ಟ್ ಎಂಬ ಜೋಡಣೆ, ಗಾಲಿಕುರ್ಚಿಯ ಮುಂದೆ ಸಿಕ್ಕಿಕೊಂಡು ಅದನ್ನು ಗಂಟೆಗೆ 25 ಕಿ.ಮೀ.ವರೆಗಿನ ವೇಗದಲ್ಲಿ ರಸ್ತೆಯಲ್ಲಿ ಓಡಿಸುತ್ತದೆ. ಕುರ್ಚಿಯಲ್ಲಿ ಕೂತವರೇ ಜೋಡಿಸಿ, ಅವರೇ ಬಿಚ್ಚಬಹುದಾದ ಕೀಲು ಅದು. ಅಷ್ಟು ಕಷ್ಟದ ಕೀಲನ್ನು ಮಾಡಿದ ದೇಶಕ್ಕೆ ಮಗುವಿನ ಬುಟ್ಟಿಯೊಂದನ್ನು ಸಿಕ್ಕಿಸುವ ಕೀಲು ದೊಡ್ಡದಲ್ಲ.

ಕೀಲು ಸಿಕ್ಕರೂ ದಾರಿ ಬೇಕು. ಅಮೆರಿಕದ ಕಲಮಜೂ ಪಟ್ಟಣದಲ್ಲಿ 1945ರಲ್ಲಿ ಯುದ್ಧದಲ್ಲಿ ಗಾಯಗೊಂಡು ಬಂದವರಿಗಾಗಿ ಫುಟ್‌ಪಾತಿನ ಅಂಚುಗಳನ್ನು ಇಳಿಜಾರಾಗಿ ಕತ್ತರಿಸಿದರು. ಮುಂದೆ ಅಂಥ ಇಳಿಜಾರುಗಳನ್ನು ಎಲ್ಲೆಡೆ ಹೆಚ್ಚಾಗಿ ಬಳಸಿದವರಲ್ಲಿ ಮಗುವಿನ ಗಾಡಿ ತಳ್ಳುವವರೂ ಸೇರಿದರು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯೂ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎಂದಿತ್ತು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯಂಥ, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ಬೀದಿಗಳಲ್ಲಿ ಗಾಡಿ ತಳ್ಳಿ ನೋಡಿದರೆ ಅದು ಸಾಧ್ಯವೆಂದು ತಿಳಿಯುತ್ತದೆ. ಪಕ್ಕದ ಗಲ್ಲಿಗೆ ತಿರುಗಿದೊಡನೆ ಟ್ರಾನ್ಸ್‌ಫಾರ್ಮರ್, ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು.

ಹಾಗಾಗಿ ನಮ್ಮ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ವಿಷಯ ಕೊಡುತ್ತೇನೆ. ಗಾಲಿಕುರ್ಚಿಯ ಕೊಳವೆ ಸಾಮಾನ್ಯವಾಗಿ 22ರಿಂದ 25 ಮಿ.ಮೀ. ದಪ್ಪ, ಕ್ಲಾಂಪು ಎರಡೂ ಅಳತೆಗೆ ಹಿಡಿಯಬೇಕು. ಕೂತವರು ಬಗ್ಗದೆ, ಒಂದೇ ಕೈಯಲ್ಲಿ ಹಾಕಿ ತೆಗೆಯುವಂತಿರಬೇಕು. ಕೂಸು ಚಪ್ಪಟೆಯಾಗಿ ಮಲಗಬೇಕು, ಅದರ ಮುಖ ಕೂತವರ ಕಡೆಗೆ ಇರಬೇಕು. ಲಾಕು ಬಿಗಿಯಾಗದಿದ್ದರೆ ಕುರ್ಚಿಯ ಬ್ರೇಕು ಬಿಡಲೇಬಾರದು. ಕಿತ್ತ ಚಪ್ಪಡಿಯ ಮೇಲೆ ಹಾಯುವಾಗ ಮುಂಗಾಲಿ ಹೂತು ಬುಟ್ಟಿ ಮುಗ್ಗರಿಸದಂತೆ ಅದರಡಿಗೆ ತನ್ನದೇ ಒಂದು ದೊಡ್ಡ ಗಾಲಿ ಬೇಕು. ಮಾಡುವ ಮೊದಲು ಗಾಲಿಕುರ್ಚಿಯಲ್ಲಿರುವ ತಾಯಿಯೊಬ್ಬರನ್ನು ಕೇಳಿ, ಮಾಡಿದ ಮೇಲೆ ಮರಳ ಚೀಲ ಕಟ್ಟಿ ನಿಮ್ಮ ಕಾಲೇಜಿನ ಗೇಟಿನಿಂದ ಬಸ್ ಸ್ಟಾಪಿನವರೆಗೆ ಓಡಿಸಿ ನೋಡಿ.